ಭುಜದ ಸರದಿ

ಬೀಗಿತ್ತಿಯವರಿಗೆ ನಮಸ್ಕಾರ.

ಒಟ್ಟು ಖರ್ಚನ್ನು ಮೊದಲೇ ಹೇಳಿಬಿಡುತ್ತೇನೆ: ನನ್ನ ಬಲಭುಜದ ಚಿಕಿತ್ಸೆಗೆಂದು ಗೊತ್ತುಮಾಡಿಕೊಂಡಿದ್ದ ಮೂರು ಸರದಿ, ಜೊತೆಗೆ ನನ್ನ ಅರ್ಧ ಮರ್ಯಾದೆ.

ನಿಮ್ಮ ಮಗಳು ಎದೆಯಲ್ಲಿ ಹಾಲು ಗಂಟುಕಟ್ಟಿ ನರಳುತ್ತಿದ್ದಳು. ಮನೆಯಲ್ಲಿ ಬೇರೆ ಹೆಂಗಸರಿಲ್ಲ. ಇಂಥದ್ದನ್ನು ಮಾವನಾದವನು ಕೇಳುವಂತಿಲ್ಲ, ಕೇಳದಿರುವಂತೆಯೂ ಇಲ್ಲ. ನನ್ನ ಭುಜದ ನೋವಿಗೆ ಅಲ್ಟ್ರಾಸೌಂಡ್ ಚಿಕಿತ್ಸೆ ಕೊಡುವ ಫಿಸಿಯೋ ಮೇಡಂ ಹತ್ತಿರ ಗೋಡೆ ನೋಡಿಕೊಂಡು ವಿಷಯ ಹೇಳಿದೆ.

"ಅದಕ್ಕೂ ಇದೇ ಮೆಷಿನ್ನು, ಕರ್ಕೊಂಡು ಬನ್ನಿ. ಆದ್ರೆ ಈ ವಾರ ಬಿಡುವಿಲ್ಲ," ಅಂದರು.

ನನ್ನ ಸರದಿಯನ್ನೇ ಬಿಟ್ಟುಕೊಟ್ಟೆ.

"ಮಾವ, ನಿಮ್ಮ ಭುಜ?" ಎಂದಳು ಸೊಸೆ.

"ಅದೇನು ಯಾರಿಗೂ ಹಾಲು ಕೊಡ್ಬೇಕಾಗಿಲ್ಲ, ನಡಿಯಮ್ಮ."

ಜೆಲ್ ಹಚ್ಚಿ, ಮೆಷಿನ್ನಿನ ಹಿಡಿಯನ್ನು ಗಂಟಿನ ಮೇಲೆ ಮೆಲ್ಲಗೆ ಆಡಿಸಿ, ಕೂಡಲೇ ಮಗುವಿಗೆ ಕುಡಿಸಲು ಹೇಳುತ್ತಿದ್ದರಂತೆ. ಮೂರನೆಯ ಸಲಕ್ಕೆ ಗಂಟು ಕರಗಿತು. ನಿಮ್ಮ ಮಾತು ಮಾತ್ರ ಕರಗಿಲ್ಲ. "ನಿನಗೆ ಹಾಲೇ ಸಾಲದು, ಡಬ್ಬದ ಹಾಲು ಹಾಕು" ಎಂದು ನೀವು ಫೋನಿನಲ್ಲಿ ಅಂದಾಗಿನಿಂದ ಅವಳು ಎದೆಹಾಲು ಬಿಡಿಸುವ ಯೋಚನೆಯಲ್ಲಿದ್ದಾಳೆ.

ನಾನು ಪೈಪು ಮಾರುವವನು. ಪೈಪು ಕಟ್ಟಿಕೊಂಡರೆ ಯಾರೂ ಬಾವಿಯನ್ನು ಬೈಯುವುದಿಲ್ಲ. ಇದನ್ನು ನಾನು ಅವಳಿಗೆ ಹೇಳಿದರೆ ಚೆನ್ನಾಗಿರುವುದಿಲ್ಲ. ಹೆತ್ತವರು, ನೀವೇ ಹೇಳಿ. ಈ ಕಾಗದ ಕೈಸೇರಿದ ಕೂಡಲೇ ಫೋನ್ ಮಾಡಿ. ನಾನು ಬರೆದೆ ಅನ್ನಬೇಡಿ.

ಇಲ್ಲಿಯವರೆಗಿನ ಲೆಕ್ಕ ಇಷ್ಟು: ಮಗುವಿಗೆ ಹಾಲು ಸಿಕ್ಕಿತು, ನಿಮ್ಮ ಮಗಳಿಗೆ ನಿದ್ದೆ ಸಿಕ್ಕಿತು. ನನ್ನ ಬಲಗೈ ಇನ್ನೂ ಮೇಲೇಳುವುದಿಲ್ಲ. ಮೊಮ್ಮಗಳು ಹಾಲು ಕುಡಿದು ತೇಗುವುದು ಎಡಭುಜದ ಮೇಲೆ.

ಇತಿ,
ನಿಮ್ಮ ಬೀಗ