ಸ್ಲೇಟಿಗೆ ಸೂತಕವಿಲ್ಲ

ಲಗ್ಗೆರೆ, ೧೯೮೧

ಟೀಚರಮ್ಮನವರಿಗೆ ನಮಸ್ಕಾರ.

ತ್ರಿಕೋನ ಬರೀಲಿಲ್ಲ ಅಂತ ನನ್ನ ಮೊಮ್ಮಗಳು ಗಂಗರತ್ನನ್ನ ಬಿಸಿಲಲ್ಲಿ ನಿಲ್ಲಿಸಿದ್ರಂತೆ. ಯಾಕೆ ಬರೀಲಿಲ್ಲ ಅಂತ ಕೇಳೋಕೆ ಬಾಯಿರಲಿಲ್ವಾ?

ಯುಗಾದಿ ಕಳೆದ ಮೇಲೆ ಅವಳಮ್ಮ ತೀರಿಕೊಂಡಳು. ವರ್ಷದ ತಿಥಿ ಆಗೋವರೆಗೂ ನಮ್ಮ ಬಾಗಿಲಿಗೆ ರಂಗೋಲಿ ಇಲ್ಲ. ಯಾರೂ ಗೆರೆ ಎಳೀಬಾರದು ಅಂತ ನನ್ನ ಹೆಂಡ್ತಿ ಹೇಳಿದ್ದನ್ನ ಮಗು ಸ್ಲೇಟಿಗೂ ಅಂತ ತಿಳ್ಕೊಂಡಿದೆ.

ಅವಳಿಗೆ ಬರುತ್ತೆ. ಪೀಣ್ಯಕ್ಕೆ ಕೆಲಸಕ್ಕೆ ಹೊರಡೋ ಮುಂಚೆ ಅವಳಮ್ಮ ಕೈ ಹಿಡಿದು ಮೂರು ಮೂಲೇದು, ಆರು ಮೂಲೇದು ಎಲ್ಲ ರಂಗೋಲಿ ಹಾಕಿಸ್ತಿದ್ಲು.

ಹೊಸಿಲು ಬೇರೆ, ಸ್ಲೇಟು ಬೇರೆ ಕಣೇ ಅಂದೆ. "ಟೀಚರ್ ಹಂಗಂದ್ರಾ ತಾತ?" ಅಂದ್ಲು. ನನ್ನ ಮಾತು ನಂಬಲ್ಲ.

ನೀವೇ ಹೇಳಿ. ಮೊದಲನೇ ಗೆರೆ ನೀವು ಎಳೆದುಕೊಡಿ. ಮಿಕ್ಕ ಎರಡು ಅವಳು ಎಳೀತಾಳೆ.

ಇಂತಿ, ಅವಳ ತಾತ
ಆಂಜಿನಪ್ಪ