ಪೀಚು ಬಣ್ಣ

ತುಮಕೂರು
ಮಂಗಳವಾರ, 18 ಫೆಬ್ರವರಿ 2025

ಪ್ರೀತಿಯ ಅನು,

ನಿನ್ನ ಅತ್ತೆ ಬಸವಲಿಂಗಮ್ಮ ಮನಸಾರೆ ಹರಸಿ ಬರೆಯುವ ಕಾಗದ. ಹೇಗಿದ್ದೀಯಮ್ಮ? ಮೈಗೆ ಸ್ವಲ್ಪವಾದರೂ ಶಕ್ತಿ ಬಂದಿದೆಯೇ? ಡಾಕ್ಟರು ಬರೆದುಕೊಟ್ಟ ಕಬ್ಬಿಣದ ಮಾತ್ರೆ ಒಂದು ಹಾಳೆ ಇಲ್ಲೇ ಉಳಿದುಹೋಗಿದೆ. ಕಾಗದದ ಜೊತೆ ಇಡೋಣ ಅಂದರೆ ನಿನ್ನ ಗಂಡ "ಲಕೋಟೇಲಿ ಮಾತ್ರೆ ಹಾಕ್ತಾರೇನಮ್ಮ, ಕುಣಿಗಲ್‌ನಲ್ಲಿ ಮೆಡಿಕಲ್ ಸ್ಟೋರ್ ಇಲ್ವಾ?" ಅಂತ ನಕ್ಕ. ಅಲ್ಲೇ ತರಿಸಿಕೊಂಡು ತಪ್ಪದೆ ನುಂಗು. ನಿಮ್ಮ ಅಪ್ಪಾಜಿಯವರ ಮಂಡಿ ನೋವು ಈಗ ಹೇಗಿದೆ? ಅಮ್ಮ ನಿನಗೆ ಭಾರ ಎತ್ತಲು ಬಿಡುತ್ತಿಲ್ಲ ತಾನೇ? ಎರಡನೇ ಬಸಿರೂ ಮೂರು ತಿಂಗಳಿಗೇ ನಿಲ್ಲದೆ ಹೋಯಿತು. ಆಸ್ಪತ್ರೆಯಿಂದ ಬಂದ ಮೂರು ವಾರಕ್ಕೇ ನೀನು ಬ್ಯಾಗು ತಗೊಂಡು ಬಸ್ಸು ಹತ್ತಿದೆಯಲ್ಲ, ದಾರಿಯ ಕುಲುಕಾಟಕ್ಕೆ ಮೈ ನೋಯಲಿಲ್ಲವೇ?

ನನ್ನ ಫೋನನ್ನು ನೀನು ಎತ್ತುತ್ತಿಲ್ಲ. ಗುರುಪ್ರಕಾಶನ ಫೋನು ಎತ್ತುತ್ತೀಯ, "ಚೆನ್ನಾಗಿದೀನಿ, ಊಟ ಆಯ್ತು" ಅನ್ನುತ್ತೀಯ, ಇಡುತ್ತೀಯ. ಅವನನ್ನು ಕೇಳಿದರೆ ಗೋಡೆಯನ್ನು ಕೇಳಿದ ಹಾಗೆ. ಅಂತರಸನಹಳ್ಳಿಯ ಫ್ಯಾಕ್ಟರಿಯಿಂದ ಬಂದವನೇ ಬೈಕ್ ನಿಲ್ಲಿಸಿ, ಮುಖ ತೊಳೆದು, ಮೊಬೈಲಿನಲ್ಲಿ ಮುಖ ಹುದುಗಿಸುತ್ತಾನೆ. "ಏನಂದ್ಲೋ ಅನು?" ಅಂದರೆ "ಏನೂ ಅನ್ಲಿಲ್ಲ ಕಣಮ್ಮ" ಅನ್ನುತ್ತಾನೆ. ಅದಕ್ಕೇ ಈ ಕಾಗದ. ಗುಬ್ಬಿ ಹೈಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವಳು ನಾನು, ನನ್ನ ಅಕ್ಷರ ಇನ್ನೂ ಅಷ್ಟೇನೂ ಕೆಟ್ಟಿಲ್ಲ. ಬಾಯಲ್ಲಿ ಹೇಳಹೋದರೆ ಏನೋ ಹೇಳಲು ಹೋಗಿ ಇನ್ನೇನೋ ಹೇಳುತ್ತೇನೆ, ಅದು ನಿನಗೂ ಗೊತ್ತು.

ನೀನು ಮನೆಯಿಂದ ಹೊರಟ ಶನಿವಾರದ ವಿಷಯ ಮೊದಲು ಹೇಳಿಬಿಡುತ್ತೇನೆ. ಅವತ್ತು ಬೆಳಿಗ್ಗೆ ನಾನು "ಆಸ್ಪತ್ರೆಯಿಂದ ಬಂದು ಇನ್ನೂ ತಿಂಗಳಾಗಿಲ್ಲ, ಬಡಾವಣೆ ಹುಡುಗರನ್ನ ಕಟ್ಕೊಂಡು ಕುಣಿತ ಯಾಕೆ?" ಅಂದೆ. ನೀನು ಮಧ್ಯಾಹ್ನ ಬಟ್ಟೆ ಒಣಹಾಕಿ ಒಳಗೆ ಬಂದವಳು ಬ್ಯಾಗು ತುಂಬಿದೆ. ಬಾಗಿಲಲ್ಲಿ "ಹೋಗ್ತೀನಿ ಅತ್ತೆ" ಅಂದೆ. ಆರು ವರ್ಷದಲ್ಲಿ ಅಂಗಡಿಗೆ ಹೊರಟರೂ "ಹೋಗಿ ಬರ್ತೀನಿ" ಅನ್ನುತ್ತಿದ್ದವಳು ಅವತ್ತು ಬರೀ ಹೋಗ್ತೀನಿ ಅಂದೆ. ಕುಣಿತದ ಮಾತಿಗೇ ನಿನಗೆ ಬೇಜಾರಾಗಿದೆ ಅಂದುಕೊಂಡೆ. ಅದಕ್ಕೇ ಬಡಾವಣೆಯ ಕಾಲೇಜು ಮಕ್ಕಳಿಗೆ ಮಾಡಿಸಿಕೊಡುತ್ತೇನೆ ಅಂತ ನೀನು ಒಪ್ಪಿಕೊಂಡಿದ್ದ ಆ ಡ್ಯಾನ್ಸ್ ಕಾರ್ಯಕ್ರಮವನ್ನು ನಾನೇ ನಿಂತು ಮಾಡಿಸಿಬಿಟ್ಟರೆ ನಿನ್ನ ಮನಸ್ಸು ತಿಳಿಯಾಗುತ್ತದೆ ಅನ್ನಿಸಿತು. ನಗಬೇಡ. ಮಾಡಿಸಿದೆ. ಅದು ಹೇಗಾಯಿತು ಅಂತ ಕೇಳು.

ಫ್ರಿಜ್ಜಿನ ಬಾಗಿಲಿಗೆ ನೀನು ಅಂಟಿಸಿದ್ದ ಚೀಟಿ ಇತ್ತಲ್ಲ: "ಭಾನುವಾರ 4 ಗಂಟೆ, ಸಮುದಾಯ ಭವನ, 60 ಜನ. ಬಣ್ಣ ಪೀಚ್. ಅಲಂಕಾರ, ತಿಂಡಿ ಎಲ್ಲಾ ಅದೇ ಬಣ್ಣ." ಓದಿದೆ. ಇದೆಂಥ ಬಣ್ಣ ಆರಿಸಿದ್ದಾಳಪ್ಪಾ ಅನ್ನಿಸಿತು. ಆಮೇಲೆ ಯೋಚನೆ ಮಾಡಿದರೆ ನಿನ್ನ ಬುದ್ಧಿಗೆ ಮೆಚ್ಚಿಕೆಯೇ ಆಯಿತು. ಕಾಲೇಜು ಮಕ್ಕಳು, ಇನ್ನೂ ಎಳೆಯವರು, ಅವರಿಗೆ ಎಳೆಗಾಯಿಯ ಬಣ್ಣ ಹೊಂದುತ್ತದೆ ಅಂತ ಎಷ್ಟು ಚೆನ್ನಾಗಿ ಯೋಚಿಸಿದ್ದಾಳೆ ನಮ್ಮ ಸೊಸೆ ಅಂದುಕೊಂಡೆ. ಅವಸರದಲ್ಲಿ ಕೊನೆಯ ಅಕ್ಷರಕ್ಕೆ ಕೊಂಬು ಕೊಡುವುದನ್ನು ಮರೆತಿದ್ದೀಯ ಅಂತ ತಿಳಿದು ಪೆನ್ನು ತಗೊಂಡು ನಾನೇ ಕೊಂಬು ಹಾಕಿ "ಪೀಚು" ಅಂತ ತಿದ್ದಿದೆ. ಚೀಟಿ ಇನ್ನೂ ಅಲ್ಲೇ ಇದೆ. ನೋಡಿದರೆ ನನಗೇ ನಾಚಿಕೆ.

ಸುಮ್ಮನೆ ತಿದ್ದಿಬಿಡಲಿಲ್ಲ, ಕೇಳಿಯೂ ಕೇಳಿದೆ. ಗುರುವನ್ನು "ಪೀಚು ಬಣ್ಣ ಅಂದ್ರೆ ಹೆಂಗಿರುತ್ತೋ?" ಅಂದರೆ ಮೊಬೈಲಿನಿಂದ ತಲೆ ಎತ್ತದೆ "ಲೈಟಾಗಿರುತ್ತೆ ಕಣಮ್ಮ" ಅಂದ. ಸರಿಹೋಯಿತಲ್ಲ, ಪೀಚು ಯಾವತ್ತೂ ತಿಳಿಯಾಗಿಯೇ ಇರುತ್ತದೆ. ಹುಡುಗರ ಮುಂದಾಳು ದೀಪಿಕಾ, ನಿನ್ನ ಹತ್ತಿರ ಭಾನುವಾರ ಡ್ಯಾನ್ಸ್ ಕಲಿಯುತ್ತಾಳಲ್ಲ, ಅವಳು ಪರೀಕ್ಷೆಯ ಗಡಿಬಿಡಿಯಲ್ಲಿ ಫೋನ್ ಮಾಡಿ "ಅಜ್ಜಿ, ಪೀಚೇ ಅಲ್ವಾ? ಏನೂ ಚೇಂಜ್ ಇಲ್ವಲ್ಲ?" ಅಂತ ಕೇಳಿದಳು. "ಪೀಚೇ ಕಣೇ, ಚಿಂತೆ ಬಿಡು" ಅಂದೆ. ಇಬ್ಬರೂ ಒಂದೇ ಮಾತಾಡಿದೆವು. ಇಬ್ಬರಿಗೂ ಬೇರೆ ಬೇರೆ ಅರ್ಥ.

ಬಟ್ಟೆಗೆ ಜಹೀರ್ ಅಹಮದರ ಅಂಗಡಿಗೆ ಹೋದೆ. ನಿನ್ನ ಸೀರೆಗಳಿಗೆ ಫಾಲ್ಸ್ ಹಾಕಿಸುವ ಅಂಗಡಿಯೇ. ಬಾಯಲ್ಲಿ ಬಣ್ಣ ಹೇಳಿದರೆ ತಪ್ಪಾಗುತ್ತದೆ ಅಂತ ಬಹಳ ಜಾಣೆಯ ಹಾಗೆ ಚೀಲದಲ್ಲಿ ಒಂದು ಪೀಚು ಸೌತೆಕಾಯಿ ಇಟ್ಟುಕೊಂಡು ಹೋಗಿದ್ದೆ. ಗಲ್ಲಾದ ಮೇಲೆ ಇಟ್ಟು "ಇದೇ ಬಣ್ಣ ಬೇಕು" ಅಂದೆ. ಅವರು ಕನ್ನಡಕ ಸರಿ ಮಾಡಿಕೊಂಡು ಸೌತೆಕಾಯಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಅಮ್ಮಾ, ಇದಕ್ಕೆ ನಾವು ಪಿಸ್ತಾ ಕಲರ್ ಅಂತೀವಿ" ಅಂದರು. "ನೀವು ಪಿಸ್ತಾ ಅನ್ನಿ, ನಾವು ಪೀಚು ಅಂತೀವಿ, ಬಟ್ಟೆ ಒಂದೇ ತಾನೇ?" ಅಂದೆ. ನಕ್ಕು ಇಡೀ ಥಾನನ್ನೇ ಬಿಚ್ಚಿ ಹಾಸಿದರು. ಅದರ ಮೇಲೆ ಸೌತೆಕಾಯಿ ಇಟ್ಟರೆ ಎಲ್ಲಿದೆ ಅಂತ ಹುಡುಕಬೇಕು, ಅಷ್ಟು ಹೊಂದಿಕೆ.

ತಿಂಡಿಯ ವಿಷಯಕ್ಕೆ ಎರಡು ದಿನ ತಲೆ ಕೆಡಿಸಿಕೊಂಡೆ. ನಿಟ್ಟೂರಿನಿಂದ ನನ್ನ ತಮ್ಮ ಮಹಾಲಿಂಗಯ್ಯ ಒಂದು ಚೀಲ ಎಳೆ ಸೌತೆಕಾಯಿ, ನಾಲ್ಕು ಸೋರೆಕಾಯಿ ತಂದುಕೊಟ್ಟ. ಪುದೀನ ಚಿತ್ರಾನ್ನ, ಹೆಸರುಕಾಳಿನ ದೋಸೆ, ಸೌತೆಕಾಯಿ ಕೋಸಂಬರಿ, ಸೋರೆಕಾಯಿ ಹಲ್ವ, ಕುಡಿಯಲು ಒಗ್ಗರಣೆ ಹಾಕದ ಕೊತ್ತಂಬರಿ ಮಜ್ಜಿಗೆ. ಮಜ್ಜಿಗೆ ಬಿಳಿಯಾಗಿಯೇ ಉಳಿಯುತ್ತದೆ ಅಂತ ಕೊತ್ತಂಬರಿಯನ್ನು ಮೂರು ಸಲ ರುಬ್ಬಿ ಹಾಕಿದೆ. ಚಟ್ನಿಗೆ ಕೆಂಪು ಮೆಣಸಿನಕಾಯಿ ಬೇಡ ಅಂತ ಹಸಿಮೆಣಸಿನಕಾಯಿ. "ಒಂದು ಬಣ್ಣಕ್ಕೋಸ್ಕರ ಇಷ್ಟೆಲ್ಲಾ ಯಾಕಕ್ಕ?" ಅಂತ ಮಹಾಲಿಂಗಯ್ಯ ಕೇಳಿದ. "ನಮ್ಮ ಅನು ಬರೆದಿಟ್ಟವ್ಳೆ ಕಣೋ" ಅಂದೆ. ಹಾಗಂದಾಗ ನನಗೆ ಹೆಮ್ಮೆಯೇ ಆಯಿತು, ನಿಜವಾಗಲೂ.

ಭಾನುವಾರ ಬೆಳಿಗ್ಗೆ ಭವನದ ಗೋಡೆ, ಕಂಬ, ಮೇಜು, ಬಾಗಿಲು ಎಲ್ಲಕ್ಕೂ ಬಟ್ಟೆ ಕಟ್ಟಿಸಿದೆ. ಗುರು ಏಣಿ ಹತ್ತಿ ಬಲೂನು ತೂಗಿಸಿದ. ಅವನಾದರೂ ಒಂದು ಮಾತು ಹೇಳಬಾರದಿತ್ತೇ? ಮಧ್ಯಾಹ್ನ ಮೂರೂವರೆಗೆ ಹುಡುಗ ಹುಡುಗಿಯರು ಬರತೊಡಗಿದರು. ಒಬ್ಬಳು ಬಂದಳು, ತಿಳಿ ಕನಕಾಂಬರದ ಬಣ್ಣದ ಗೌನು. ಪಾಪ, ಬೇರೆ ಬಟ್ಟೆ ಇರಲಿಲ್ಲವೇನೋ ಅಂದುಕೊಂಡೆ. ಹಿಂದೆಯೇ ಇಬ್ಬರು ಹುಡುಗರು, ಅದೇ ಬಣ್ಣದ ಅಂಗಿ. ಆಮೇಲೆ ಒಂದು ಹಿಂಡು. ಅರವತ್ತು ಜನವೂ ಕನಕಾಂಬರವೇ! ನಾನು ಬಾಗಿಲಲ್ಲಿ ಸೌಟು ಹಿಡಿದು ನಿಂತು "ಯಾಕ್ರೋ ಎಲ್ರೂ ತಪ್ಪು ಬಣ್ಣ ಹಾಕ್ಕೊಂಡು ಬಂದಿದೀರಾ?" ಅಂತ ಗದರಿಸಿಬಿಟ್ಟೆ. ಅವರು ಒಳಗೆ ನೋಡಿದರು, ತಮ್ಮ ಬಟ್ಟೆ ನೋಡಿಕೊಂಡರು, ನನ್ನ ಮುಖ ನೋಡಿದರು.

ದೀಪಿಕಾ ನನ್ನನ್ನು ಪಕ್ಕಕ್ಕೆ ಕರೆದು "ಅಜ್ಜಿ, ಪೀಚ್ ಅಂದ್ರೆ ಒಂದು ಹಣ್ಣು" ಅಂದಳು. "ಹಣ್ಣಾದ ಮೇಲೆ ಅದು ಪೀಚು ಹೆಂಗಾಗುತ್ತೆ?" ಅಂದೆ. ಅವಳು ಮೊಬೈಲಿನಲ್ಲಿ ಚಿತ್ರ ತೋರಿಸಿದಳು, ಕೆನ್ನೆ ಕೆಂಪಾದ ದುಂಡನೆ ಹಣ್ಣು. "ಇದನ್ನ ತಿಂದಿದೀಯೇನೇ?" ಅಂದರೆ ಇಲ್ಲ ಅಂದಳು. ಅಲ್ಲಿದ್ದ ಒಬ್ಬರೂ ತಿಂದವರಲ್ಲ. ಯಾರೂ ತಿನ್ನದ ಹಣ್ಣಿನ ಹೆಸರನ್ನು ಬಣ್ಣಕ್ಕೆ ಇಡುವುದು ಯಾಕೆ, ಕನಕಾಂಬರ ಅಂದಿದ್ದರೆ ಆಗುತ್ತಿರಲಿಲ್ಲವೇ ಅಂತ ನನಗೆ ಇನ್ನೂ ಅರ್ಥವಾಗಿಲ್ಲ. ಆದರೆ ಆ ಹೊತ್ತಿಗೆ ಪೆಚ್ಚಾಗಿ ನಿಂತಿದ್ದೆ. ನಿನ್ನ ಹೆಸರು ಕೆಡಿಸಿದೆನಲ್ಲ ಅಂತ ಅಳುವೇ ಬಂತು.

ಮಕ್ಕಳು ಒಳ್ಳೆಯವರು ಕಣೇ. ಹಾಡು ಹಾಕಿದರು, ಕುಣಿದರು. ಹಸಿರು ಗೋಡೆಯ ಮುಂದೆ ನಿಂತು ಫೋಟೋ ಹೊಡೆದುಕೊಂಡರು. ಅವರು ನಗುತ್ತಿದ್ದುದು ಖುಷಿಗೋ ನನ್ನನ್ನು ಕಂಡೋ ತಿಳಿಯಲಿಲ್ಲ. ಹಲ್ವ ಮಾತ್ರ ಒಂದು ಚೂರೂ ಉಳಿಯಲಿಲ್ಲ, ದೋಸೆಗೆ ಮತ್ತೆ ಹಿಟ್ಟು ರುಬ್ಬಬೇಕಾಯಿತು. ಅನುಪಮಾ ಅಕ್ಕ ಯಾವಾಗ ಬರ್ತಾರೆ ಅಂತ ಎಷ್ಟು ಜನ ಕೇಳಿದರೋ. ಬರ್ತಾಳೆ, ಬರ್ತಾಳೆ ಅನ್ನುತ್ತಾ ದೋಸೆ ಹಾಕಿದೆ.

ಆಗಲೇ ದೀಪಿಕಾ ತಟ್ಟೆ ಹಿಡಿದು ಬಂದು "ಅಜ್ಜಿ, ಹಂಗಾದ್ರೆ ನಿಮ್ ಕಡೆ ಪೀಚು ಅಂದ್ರೆ ಏನು?" ಅಂತ ಕೇಳಿದ್ದು. "ಇನ್ನೂ ಬಲೀದೇ ಇರೋ ಎಳೆಗಾಯಿ ಕಣೇ. ಕೆಲವು ಬಲಿಯುತ್ವೆ, ಕೆಲವು ಪೀಚಲ್ಲೇ ಉದುರಿ ಹೋಗ್ತವೆ" ಅಂದೆ. ಕಾವಲಿಯ ಮೇಲೆ ದೋಸೆ ಸೀದು ಹೊಗೆ ಬಂದರೂ ತಿರುವಿ ಹಾಕಲಿಲ್ಲ. ಆ ಶನಿವಾರ ಮಧ್ಯಾಹ್ನ ಕಾಂಪೌಂಡಿನ ಹತ್ತಿರ ಪಕ್ಕದ ಮನೆಯಾಕೆಯ ಜೊತೆ ನಿಂತು ನಾನು ಆಡಿದ್ದು ಇದೇ ಮಾತು. ನಮ್ಮ ದಾಳಿಂಬೆ ಗಿಡ ತೋರಿಸಿ "ಎಷ್ಟು ಆರೈಕೆ ಮಾಡಿದ್ರೂ ಅಷ್ಟೇ ಕಣ್ರೀ, ನಮ್ಮನೇಲಿ ಎಲ್ಲಾ ಪೀಚಲ್ಲೇ ಉದುರಿಹೋಗುತ್ತೆ" ಅಂದಿದ್ದೆ. ನೀನು ಅಲ್ಲೇ ಹಿಂದೆ ಬಟ್ಟೆ ಒಣಹಾಕುತ್ತಿದ್ದೆ. ಕುಣಿತದ ಮಾತಿಗಲ್ಲ, ಈ ಮಾತಿಗೆ ನೀನು ಹೋದದ್ದು. ಅನು, ನಾನು ಹೇಳಿದ್ದು ಗಿಡಕ್ಕೆ. ಪೀಚ್ ಅಂದರೆ ನನಗೊಂದು ನಿಮಗೊಂದು ಆದ ಹಾಗೆ, ನಾನು ಅಂದದ್ದು ಒಂದು, ನಿನ್ನ ಕಿವಿಗೆ ಬಿದ್ದದ್ದು ಒಂದು. ಅಷ್ಟೇ ಅಂತ ತಿಳಿದುಕೊಂಡು ಮನಸ್ಸು ಹಗುರ ಮಾಡಿಕೋ.

ಮುಂದಿನ ವಾರ ಶಿವರಾತ್ರಿ. ಅಷ್ಟರೊಳಗೆ ನಿನ್ನ ಮೈ ಗಟ್ಟಿಯಾಗಲಿ, ಮುಖದಲ್ಲಿ ಮೊದಲಿನ ಕಳೆ ಬರಲಿ, ಶಿವ ನಿನ್ನನ್ನು ಚೆನ್ನಾಗಿಟ್ಟಿರಲಿ. ಅಪ್ಪಾಜಿಯವರಿಗೂ ಅಮ್ಮನಿಗೂ ನನ್ನ ಶರಣು ಹೇಳು. ಗುರು ಅನ್ನ ಸರಿಯಾಗಿ ಉಣ್ಣುತ್ತಿಲ್ಲ, ಇದನ್ನು ಬರೆ ಅಂತ ಅವನು ಹೇಳಿಲ್ಲ.

ಇಂತಿ ನಿನ್ನ ಅತ್ತೆ,
ಬಸವಲಿಂಗಮ್ಮ

ತಾ.ಕ. ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಪೋಸ್ಟಿನ ಡಬ್ಬ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಗಿಡಕ್ಕೆ ಹೇಳಿದ್ದು ಅಂತ ಮೇಲೆ ಬರೆದಿದ್ದೇನಲ್ಲ, ಅದು ಸುಳ್ಳು. ನೀನು ಬಕೆಟ್ಟು ಹಿಡಿದು ಬಂದು ನಿಂತದ್ದು ನನಗೆ ಕಂಡಿತ್ತು. ಕಂಡ ಮೇಲೆಯೇ ಅಂದೆ. ದೀಪಿಕಾ ಕೇಳಿದ ಮೇಲೆ ಹೊಳೆದದ್ದಲ್ಲ, ನೀನು ಬ್ಯಾಗು ತುಂಬುವಾಗಲೇ ಗೊತ್ತಿತ್ತು. ಕುಣಿತದ ಮಾತಿಗೆ ಹೋದಳು ಅಂತ ನನಗೆ ನಾನೇ ಹೇಳಿಕೊಂಡು ಒಂದು ವಾರ ಬಟ್ಟೆ ಕೊಂಡೆ, ಹಲ್ವ ಮಗುಚಿದೆ. ಯಾಕೆ ಅಂದೆ ಅಂತ ಎಷ್ಟು ಕೇಳಿಕೊಂಡರೂ ನನಗೆ ಗೊತ್ತಾಗುತ್ತಿಲ್ಲ. ಮಗು ಕಳೆದುಕೊಂಡವಳು ನೀನು, ನನಗೇ ನಷ್ಟವಾದ ಹಾಗೆ ಪಕ್ಕದ ಮನೆಯಾಕೆಯ ಮುಂದೆ ನಿಂತು ಆಡಿದೆ. ತಪ್ಪು ನನ್ನದು. ಗುರುವಾರ ಬೆಳಗಿನ ಬಸ್ಸಿಗೆ ಕುಣಿಗಲ್‌ಗೆ ಬರುತ್ತೇನೆ. ನಿನ್ನನ್ನು ಕರೆದುಕೊಂಡು ಹೋಗಲು ಅಲ್ಲ. ನಿಮ್ಮ ಅಪ್ಪ ಅಮ್ಮನ ಎದುರಿಗೆ, ನಾನು ಬೇಕಂತಲೇ ಅಂದೆ ಅಂತ ನನ್ನ ಬಾಯಿಂದ ಹೇಳಿ, ಅದೇ ಬಸ್ಸಿಗೆ ವಾಪಸ್ಸು ಬರುತ್ತೇನೆ.