ಚಿಕ್ಕಮ್ಮನ ಬಿಡುಗಡೆ

ಹೊಲಿಗೆ ಅಂಗಡಿ,
ಬುಧವಾರ ಸಂಜೆ

ನನ್ನ ಬಂಗಾರದ ಮಗಳೇ,

ಕೆಮ್ಮು ಹೋಯಿತೇ? ಆಸ್ಪತ್ರೆಯಲ್ಲಿ ಊರಿಗೆಲ್ಲ ಮಾತ್ರೆ ನುಂಗಿಸುವ ನರ್ಸಮ್ಮ ತಾನೊಂದು ನುಂಗಲಾರಳು ಎಂದು ನಿನ್ನಮ್ಮನ ಆರೋಪ. ನಾವು ಕ್ಷೇಮ. ಕ್ಷೇಮವೇನು ಬಂತು, ಗೆದ್ದಿದ್ದೇವೆ!

ಫೋನಿನಲ್ಲಿ ಅರ್ಧಂಬರ್ಧ ಕೇಳಿದ್ದೀಯ, ಪೂರ್ತಿ ಕೇಳು. ಅಂಗಡಿಯಲ್ಲಿ ಬಟ್ಟೆ ತೊಡಿಸಿಡುವ ಆಳೆತ್ತರದ ಗೊಂಬೆಯನ್ನು ಚಿಕ್ಕಂದಿನಲ್ಲಿ ನೀನು ಚಿಕ್ಕಮ್ಮ ಎಂದು ಕರೆದು ಮನೆಮಂದಿಗೆಲ್ಲ ಅದೇ ರೂಢಿ ಮಾಡಿಸಿದೆಯಲ್ಲ, ಆ ಮಹಾತಾಯಿಯ ಸೊಂಟ ಸಡಿಲವಾಗಿತ್ತು. ಬಡಗಿಯ ಹತ್ತಿರ ಒಯ್ಯಲು ಕತ್ತಲಾದ ಮೇಲೆ ದುಪ್ಪಟಿ ಸುತ್ತಿ ಹೆಗಲಿಗೇರಿಸಿ ಹೊರಟೆ. ಬೀದಿಮೂಲೆಯಲ್ಲಿ ಪೊಲೀಸಪ್ಪ ತಡೆದು "ಯಾರ್ರೀ ಅದು?" ಎಂದ. "ಚಿಕ್ಕಮ್ಮ ಸಾರ್." "ಏನಾಗಿದೆ?" "ಸೊಂಟ ಮುರಿದಿದೆ ಸಾರ್." "ಮಾತಾಡ್ಸಿ ನೋಡೋಣ." "ಹೆಂಗೆ ಮಾತಾಡ್ತಾಳೆ ಸಾರ್, ತಲೇನೇ ಇಲ್ವಲ್ಲ!" ಅಲ್ಲಿಗೆ ನನ್ನ ಕೈಗೆ ಬೇಡಿ.

ಠಾಣೆಯಲ್ಲಿ ದುಪ್ಪಟಿ ಬಿಚ್ಚಿದರೆ ಒಳಗೆ ಮರ, ಹತ್ತಿ. ಆದರೂ ನನ್ನನ್ನು ಬೆಳಗಿನವರೆಗೆ ಬಿಡಲಿಲ್ಲ, ಚಿಕ್ಕಮ್ಮನನ್ನಂತೂ ಸಾಕ್ಷ್ಯವೆಂದು ಅಲ್ಲೇ ಇಟ್ಟುಕೊಂಡರು. ಅಂದಿನಿಂದ ಬೀದಿಯ ಪಾಲಿಗೆ ನಾನು ಟೈಲರ್ ಅಲ್ಲ, 'ಒಳಗಿದ್ದು ಬಂದವನು'. ಅಳತೆ ಕೊಡಲು ಬರುತ್ತಿದ್ದ ಹೆಂಗಸರು ರಸ್ತೆಯ ಆ ಬದಿ ಹಿಡಿದರು. ಹರಿದ ಮಾನಕ್ಕೆ ತೇಪೆ ಹಾಕುವ ಸೂಜಿ ನನ್ನ ಡಬ್ಬಿಯಲ್ಲಿ ಇರಲಿಲ್ಲ, ಅದಕ್ಕೇ ದಾವೆ ಹೂಡಿದೆ.

ಇವತ್ತು ತೀರ್ಪು. "ನಂಗೆ ಹಂಗನ್ನಿಸ್ತು ಮೇಡಂ" ಎಂದ ಪೊಲೀಸಪ್ಪನಿಗೆ ನ್ಯಾಯಾಧೀಶೆ ಕನ್ನಡಕ ಇಳಿಸಿ ವಿವರಿಸಿದರು: ಅನುಮಾನದ ಮೇಲೆ ಹಿಡಿಯುವ ಅಧಿಕಾರವನ್ನು ಕಾಯಿದೆ ಕೊಟ್ಟಿದೆ, ಆದರೆ ಅನ್ನಿಸಿದರೆ ಸಾಲದು; ಬುದ್ಧಿ ನೆಟ್ಟಗಿರುವ ಯಾವ ದಾರಿಹೋಕನಿಗೂ ಹಾಗೇ ಅನ್ನಿಸುವಂಥ ಕಾರಣ ಬೇಕು. ದುಪ್ಪಟಿ ಇರುವ ತನಕ ಕಾರಣ ಇತ್ತು. "ಈ ಮಹಾನುಭಾವರ ಉತ್ತರ ಕೇಳಿದ್ದರೆ ನಾನೂ ಹಿಡಿಸುತ್ತಿದ್ದೆ" ಎಂದು ನನ್ನ ಕಡೆ ಬೆರಳು ತೋರಿಸಿದರು. ಬಿಚ್ಚಿದ ಮೇಲೆ ಕಾರಣವೇ ಸತ್ತಿತು, ಆಮೇಲೆ ಕೂಡಿಹಾಕಿದ್ದು ಅಕ್ರಮ. "ತಲೆ ಎಲ್ಲಿ ಹೋಯ್ತು ಅಂತ ತನಿಖೆ ಮಾಡ್ಬೇಕಿತ್ತಲ್ಲ ಮೇಡಂ" ಎಂದು ಆತ ಗೊಣಗಿದ. "ನಾನೂ ಅದನ್ನೇ ಕೇಳ್ತಿದೀನಿ ಕಣಪ್ಪ" ಎಂದರು. ಕೋರ್ಟಿಗೆ ಕೋರ್ಟೇ ನಕ್ಕಿತು. ನಿನ್ನಮ್ಮ ಮಾತ್ರ "ಮದುವೆ ಆದಾಗಿಂದ ನಂಗೂ ನಿಮ್ಮೇಲೆ ಅನುಮಾನ, ಕಾರಣಾನೇ ಸಿಗ್ತಿಲ್ಲ" ಎನ್ನುತ್ತಾ ಬಂದಳು.

ನಿನ್ನ ಬಾಳಿನ ಹೊಲಿಗೆ ಎಲ್ಲೂ ಬಿಚ್ಚದಿರಲಿ.

ಇಂತಿ, ಕಾನೂನುಬದ್ಧ ನಿರಪರಾಧಿ,
ನಿನ್ನ ಅಪ್ಪ

ತಾ.ಕ.: ಭಾನುವಾರ ಚಿಕ್ಕಮ್ಮನನ್ನು ಠಾಣೆಯಿಂದ ಬಿಡುತ್ತಾರೆ. ಗಾಡಿ ಮಾಡಿ ಎನ್ನುತ್ತಾಳೆ ನಿನ್ನಮ್ಮ. ಉಹುಂ! ಹಾಡಹಗಲು, ದುಪ್ಪಟಿ ಇಲ್ಲದೆ, ಅದೇ ಬೀದಿಯಲ್ಲಿ ಹೊತ್ತು ತರುತ್ತೇನೆ. ಬಾಯಲ್ಲಿ ಇಷ್ಟು ಜೋರು, ಎದೆ ಮಾತ್ರ ಪುಕಪುಕ. ರಜೆ ಹಾಕಿ ಬಂದುಬಿಡು ಮಗಳೇ, ಕಾಲಿನ ಕಡೆ ನೀನು ಹಿಡಿದುಕೊ.